ಕರಿಂತಂಡನ್ ದೆವ್ವವಲ್ಲ: ‘ಆಧಾರಗಳು’ ಪಾಠವನ್ನು ಎರಡು ಸಲ ಕಲಿಸಿದ ಅನುಭವ

ಈ ಸಾಲಿನ ಬೋಧನಾಭ್ಯಾಸಕ್ಕೆ ನನಗೆ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತು. ಮೈಸೂರಿನಿಂದ ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿ ಶಾಲೆಗೆ ಹತ್ತಿರ. ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳ ಸದ್ದು ತರಗತಿಗೆ ಕೇಳಿಸುತ್ತದೆ. 8ನೇ ತರಗತಿಯ ಇತಿಹಾಸದ ಮೊದಲ ಅಧ್ಯಾಯ ‘ಆಧಾರಗಳು’ ನನ್ನ ಪಾಲಿಗೆ ಬಂತು. ಅದರಲ್ಲಿ ಮೌಖಿಕ ಆಧಾರಗಳ ಭಾಗವನ್ನು ಕಲಿಸಲು ಇದೇ ರಸ್ತೆಯ ಒಂದು ಐತಿಹ್ಯವನ್ನು ಆರಿಸಿಕೊಂಡೆ. ಆ ಪಾಠವನ್ನು ನಾನು ಎರಡು ಸಲ ಮಾಡಬೇಕಾಯಿತು. ಏಕೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ.

ಮೊದಲ ಪಾಠ

ನಮ್ಮ ಊರಿನ ರಸ್ತೆ ಬಂಡೀಪುರ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ದಾಟಿ ಲಕ್ಕಿಡಿ ಎಂಬಲ್ಲಿ ವಯನಾಡಿನ ಅಂಚಿಗೆ ಬರುತ್ತದೆ. ಅಲ್ಲಿಂದ ತಾಮರಶ್ಶೇರಿ ಘಟ್ಟದ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಕೆಳಗಿಳಿದು ಅಡಿವಾರಂ ಸೇರುತ್ತದೆ. ಲಕ್ಕಿಡಿಯ ರಸ್ತೆ ಬದಿಯಲ್ಲಿ ದಪ್ಪ ಸರಪಳಿ ಬಿಗಿದ ಒಂದು ಮರವಿದೆ. ಮಲಯಾಳದಲ್ಲಿ ಅದಕ್ಕೆ ಚಂಗಲ ಮರಂ, ಅಂದರೆ ಸರಪಳಿ ಮರ, ಎನ್ನುತ್ತಾರೆ.

ಐತಿಹ್ಯ ಹೀಗಿದೆ. ಬ್ರಿಟಿಷ್ ಇಂಜಿನಿಯರನೊಬ್ಬ ಘಟ್ಟಕ್ಕೆ ದಾರಿ ಹುಡುಕಿ ಸೋತಿದ್ದ. ಪಣಿಯ ಬುಡಕಟ್ಟಿನ ಕರಿಂತಂಡನ್ ಎಂಬ ಯುವಕ ಅವನಿಗೆ ದಾರಿ ತೋರಿಸಿದ. ದಾರಿ ಕಂಡುಹಿಡಿದ ಹೆಸರು ತನಗೊಬ್ಬನಿಗೇ ಸಿಗಲೆಂದು ಇಂಜಿನಿಯರ್ ಅವನನ್ನು ಕೊಂದ. ಆಮೇಲೆ ಘಟ್ಟದಲ್ಲಿ ಗಾಡಿಗಳು ಉರುಳತೊಡಗಿದವು. ಇದು ಕರಿಂತಂಡನ್‌ನ ಆತ್ಮದ ಕಾಟವೆಂದು ಜನ ಹೆದರಿದರು. ಮಂತ್ರವಾದಿಯೊಬ್ಬ ಬಂದು ಆ ಆತ್ಮವನ್ನು ಸರಪಳಿಯಿಂದ ಮರಕ್ಕೆ ಕಟ್ಟಿದ. ಮರ ಬೆಳೆದಂತೆ ಸರಪಳಿಯೂ ಬೆಳೆಯುತ್ತದೆ ಎನ್ನುತ್ತಾರೆ.

ಈ ಕಥೆಯನ್ನು ನಾನು ಚೆನ್ನಾಗಿಯೇ ಹೇಳಿದೆ. ದನಿ ತಗ್ಗಿಸಿದೆ, ನಿಲ್ಲಿಸಿದೆ, ಗಾಡಿ ಉರುಳುವುದನ್ನು ಕೈಯಲ್ಲಿ ತೋರಿಸಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಅವಲೋಕನ ಪುಸ್ತಕದಲ್ಲಿ ಸಹಪಾಠಿ ‘ಮಕ್ಕಳ ಆಸಕ್ತಿ ಅತ್ಯುತ್ತಮ’ ಎಂದು ಬರೆದಳು. ಕೊನೆಯಲ್ಲಿ “ಕರಿಂತಂಡನ್ ಯಾರು?” ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ಒಟ್ಟಿಗೆ “ದೆವ್ವ ಮಿಸ್” ಎಂದರು. ನಾನೂ ನಕ್ಕೆ.

ಬಿಸಿಯೂಟದ ನಂತರ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಒಬ್ಬ ಹುಡುಗಿ ನನ್ನ ಪಕ್ಕ ಬಂದು ನಿಂತಳು. ಅವಳ ಮನೆಯವರು ಮಣ್ಣು ಕೆಲಸ, ರಸ್ತೆ ಕೆಲಸಕ್ಕೆ ಹೋಗುವವರು. ತರಗತಿಯಲ್ಲಿ ಅವಳು ಮಾತಾಡಿದ್ದೇ ಇಲ್ಲ.

“ಮಿಸ್, ನಮ್ ತಾತನೂ ರೋಡ್ ಕೆಲಸದಲ್ಲಿ ಮಣ್ಣು ಬಿದ್ದು ಸತ್ತೋದ್ರು. ಅವ್ರೂ ಹಂಗೇ ಆಗವ್ರಾ?”

ನಾನು “ಇಲ್ಲಮ್ಮ” ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಪಾಠದಲ್ಲಿ ಏನೂ ಇರಲಿಲ್ಲ.

ಎಲ್ಲಿ ತಪ್ಪಿತು?

ಸಂಜೆ ಮಾರ್ಗದರ್ಶಕ ಮೇಡಂ ಅವರಿಗೆ ನಡೆದದ್ದನ್ನು ಹೇಳಿದೆ. ಅವರು ಪಾಠಯೋಜನೆ ತೆರೆದು ನೋಡಿ, “ಅವನ ಸಾವಿಗೆ, ಸರಪಳಿಗೆ ಹದಿನೈದು ನಿಮಿಷ ಕೊಟ್ಟಿದ್ದೀರಿ. ಬದುಕಿಗೆ ಎಷ್ಟು ಕೊಟ್ಟಿದ್ದೀರಿ?” ಎಂದು ಕೇಳಿದರು. ನೋಡಿದರೆ ಒಂದೇ ವಾಕ್ಯ: ‘ಪಣಿಯ ಬುಡಕಟ್ಟಿನ ಯುವಕ’. ಅವನಿಗೆ ದಾರಿ ಹೇಗೆ ಗೊತ್ತಿತ್ತು ಎಂಬ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಐತಿಹ್ಯವನ್ನು ಆಧಾರವಾಗಿ ಬಳಸುವುದು ಹೇಗೆಂದು ಕಲಿಸಬೇಕಿತ್ತು. ನಾನು ಅದನ್ನು ರಂಜನೆಗೆ ಬಳಸಿದ್ದೆ. ಅದೇ ಪಾಠವನ್ನು ಮತ್ತೊಮ್ಮೆ ಮಾಡಲು ಮೇಡಂ ಒಪ್ಪಿದರು.

ಎರಡನೇ ಪಾಠದ ಸಿದ್ಧತೆ

ಮೊದಲು ಕರಿಂತಂಡನ್‌ನ ಜನರ ಬದುಕನ್ನು ಓದಿಕೊಂಡೆ. ‘ಪಣಿ’ ಎಂದರೆ ಮಲಯಾಳದಲ್ಲಿ ಕೆಲಸ. ಪಣಿಯ ಎಂದರೆ ಕೆಲಸ ಮಾಡುವವನು. ವಯನಾಡಿನ ಗದ್ದೆಗಳಲ್ಲಿ ತಲೆಮಾರುಗಳ ಕಾಲ ಜಮೀನ್ದಾರರ ಜೀತಕ್ಕೆ ದುಡಿದವರು ಇವರು. ಮಾನಂತವಾಡಿ ಹತ್ತಿರದ ವಳ್ಳಿಯೂರ್ಕಾವು ದೇವಸ್ಥಾನದ ಉತ್ಸವದಲ್ಲಿ ಒಡೆಯರು ಪಣಿಯರಿಗೆ ಹಣ ಕೊಟ್ಟು ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ಜೀತ ಪದ್ಧತಿಯನ್ನು ರದ್ದುಗೊಳಿಸಿದ ಕಾಯ್ದೆ ದೇಶಕ್ಕೆ ಬಂದದ್ದು 1976ರಲ್ಲಿ. ಕೊಡಗಿನಲ್ಲಿಯೂ ಪಣಿಯರಿದ್ದಾರೆ ಎಂಬುದು ನಮ್ಮ ಮಕ್ಕಳಿಗೆ ಹೊಸ ವಿಷಯ.

ನಂತರ ರಸ್ತೆಯ ಕಾಲವನ್ನು ನೋಡಿದೆ. ಟಿಪ್ಪು ಸುಲ್ತಾನನು ಮಲಬಾರಿನಲ್ಲಿ ಸೈನ್ಯ ಮತ್ತು ಫಿರಂಗಿಗಳ ಓಡಾಟಕ್ಕಾಗಿ ಅನೇಕ ರಸ್ತೆಗಳನ್ನು ಮಾಡಿಸಿದ್ದನು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮಲಬಾರ್ ಕಂಪನಿಯ ಕೈಸೇರಿತು. ವಯನಾಡಿನ ಕಾಡುಗಳಲ್ಲಿ ಪಳಶ್ಶಿ ರಾಜ 1805ರಲ್ಲಿ ಸಾಯುವವರೆಗೂ ಕಂಪನಿಯ ವಿರುದ್ಧ ಹೋರಾಡಿದ. ಅಂದರೆ ಇಂಜಿನಿಯರ್ ಬರುವ ಮೊದಲೇ ಈ ಘಟ್ಟಗಳಲ್ಲಿ ಜನ, ದನ, ಸೈನ್ಯ ಓಡಾಡುತ್ತಿದ್ದವು. ‘ಕಂಡುಹಿಡಿದರು’ ಎಂಬ ಮಾತನ್ನೇ ಮಕ್ಕಳು ಪ್ರಶ್ನಿಸಬಹುದು ಎಂದುಕೊಂಡೆ.

ಮೂರನೆಯದು ಆ ಹುಡುಗಿಯ ಮನೆ. ಅವಳನ್ನು ಒಬ್ಬಳನ್ನೇ ಕರೆದು, “ತಾತನ ಬಗ್ಗೆ ನಿಮ್ಮ ಮನೆಯಲ್ಲಿ ಕೇಳಬಹುದಾ?” ಎಂದೆ. ತಾಯಿಯನ್ನು ಕೇಳಿ ಬಂದು ಹೂಂ ಅಂದಳು. ಭಾನುವಾರ ಹೋದೆ. ಅಜ್ಜಿ ಜಗಲಿಯ ಮೇಲೆ ಕುಳಿತು ಹೇಳಿದರು. ತಾತ ಹುಡುಗನಾಗಿದ್ದಾಗಲೇ ರಸ್ತೆ ಕೆಲಸಕ್ಕೆ ಸೇರಿದವರು. ಆಗ ಈ ಕಡೆ ಯಂತ್ರಗಳು ಕಡಿಮೆ; ಹಾರೆ, ಪಿಕಾಸಿ, ಗುದ್ದಲಿ, ಬಾಂಡ್ಲಿ ಇಷ್ಟೇ. ಜಲ್ಲಿಯನ್ನು ಸುತ್ತಿಗೆಯಲ್ಲಿ ಒಡೆದು ಬಾಕ್ಸ್ ಅಳತೆಗೆ ಗುಡ್ಡೆ ಹಾಕುತ್ತಿದ್ದರು. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಎಷ್ಟು ನೀರು ಹಾಕಬೇಕೆಂದು ತಾತ ಹೇಳುತ್ತಿದ್ದರಂತೆ. ಮೇಸ್ತ್ರಿಯೂ ಅವರನ್ನೇ ಕೇಳುತ್ತಿದ್ದನಂತೆ. ಒಂದು ಮಳೆಗಾಲದಲ್ಲಿ ದಿಬ್ಬದ ಬುಡದಿಂದ ಮಣ್ಣು ತೆಗೆಯುತ್ತಿದ್ದಾಗ ಮೇಲಿನ ಭಾಗ ಕುಸಿದು ಅವರ ಮೇಲೆ ಬಿತ್ತು. ಮಣ್ಣಿಗೆ ಕೊಟ್ಟ ಖರ್ಚು ಮೇಸ್ತ್ರಿಯದು. ಅದರಾಚೆಗೆ ಮನೆಗೆ ಏನೂ ಬರಲಿಲ್ಲ. ಒಂದು ಕಾಗದವೂ ಇಲ್ಲ. ಹಾರೆ ಮಾತ್ರ ಮನೆಯಲ್ಲಿದೆ.

ತರಗತಿಯಲ್ಲಿ ಇದನ್ನು ಹೇಳಬಹುದೇ ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರು ಬ್ಯಾಡ ಕಣವ್ವ. ಕೆಲ್ಸ ಹೇಳು” ಅಂದರು.

ಎರಡನೇ ಪಾಠ

ಪೀಠಿಕೆ: ಹಲಗೆಯ ಮೇಲೆ ‘ನಮ್ಮ ರಸ್ತೆ ಮಾಡಿದವರು ಯಾರು?’ ಎಂದು ಬರೆದೆ. ಸರ್ಕಾರ, ಇಂಜಿನಿಯರ್, ಕಂಟ್ರಾಕ್ಟರ್ ಎಂಬ ಉತ್ತರಗಳು ಬಂದವು. “ಇನ್ನೂ ಯಾರು?” ಎಂದು ಮೂರು ಸಲ ಕೇಳಿದ ಮೇಲೆ ಹಿಂದಿನ ಬೆಂಚಿನಿಂದ “ಕೂಲಿಯವ್ರು” ಎಂಬ ಉತ್ತರ ಬಂತು. ಪ್ರಶ್ನೆಯನ್ನು ಒಡೆದು ಬರೆದೆ: ಹಣ ಕೊಟ್ಟವರು, ನಕ್ಷೆ ಮಾಡಿದವರು, ದಾರಿ ತೋರಿಸಿದವರು, ಕಡಿದವರು, ಹೊತ್ತವರು.

ಅನ್ವೇಷಣೆ: “600 ಮೀಟರ್ ಎತ್ತರ ಏರಬೇಕು. ಎತ್ತಿನ ಗಾಡಿಗೆ ಕಷ್ಟವಾಗದಂತೆ 20 ಮೀಟರ್ ಸಾಗಿದರೆ 1 ಮೀಟರ್ ಏರಬೇಕು. ರಸ್ತೆ ಎಷ್ಟು ಉದ್ದ ಬೇಕು?” 12 ಕಿಲೋಮೀಟರ್ ಎಂದು ಲೆಕ್ಕ ಮಾಡಿದರು. ಅಷ್ಟು ಉದ್ದದ ರಸ್ತೆಯನ್ನು ಒಂದೇ ಬೆಟ್ಟದ ಮೈಮೇಲೆ ಹಾಯಿಸಬೇಕಾದರೆ ಹಾವಿನಂತೆ ತಿರುಗಿಸಲೇಬೇಕು. ಒಂದು ಉದ್ದದ ದಾರವನ್ನು ಮಣ್ಣಿನ ಗುಡ್ಡೆಯ ಮೇಲೆ ಇಟ್ಟು ಗುಂಪುಗಳಲ್ಲಿ ಮಾಡಿ ನೋಡಿದರು. ಆಗ ಕೇಳಿದೆ: “ಅಳತೆಯ ಉಪಕರಣ ಇಲ್ಲದವನಿಗೆ ಸರಾಗ ಏರು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?” ದನ ಮೇಯಿಸುವ ಮನೆಯ ಹುಡುಗ ಥಟ್ಟನೆ ಹೇಳಿದ: “ದನ ನೆಟ್ಟಗೆ ಹತ್ತಲ್ಲ ಮಿಸ್, ಓರೆಯಾಗಿ ಹತ್ತುತ್ತೆ. ಅದರ ಹಿಂದೆ ಹೋದ್ರೆ ದಾರಿ ಸಿಗುತ್ತೆ.” ಕರಿಂತಂಡನ್ ದನಗಳ ಹಿಂದೆ ಹೋಗಿಯೇ ಘಟ್ಟದ ದಾರಿ ಬಲ್ಲವನಾಗಿದ್ದ ಎಂದು ಕಥೆ ಹೇಳುವವರೂ ಇದ್ದಾರೆ ಎಂದೆ. ಕರಿಂತಂಡನ್ ದಾರಿ ಬಲ್ಲವನು ಎಂಬುದು ಮಕ್ಕಳಿಗೆ ತಾವಾಗಿಯೇ ಹೊಳೆಯಿತು.

ವಿವರಣೆ: ಹಲಗೆಯನ್ನು ಮೂರು ಭಾಗ ಮಾಡಿದೆ. ಐತಿಹ್ಯ ಏನು ಹೇಳುತ್ತದೆ. ಅದರಿಂದ ನಮಗೇನು ತಿಳಿಯುತ್ತದೆ. ಯಾವುದಕ್ಕೆ ಬೇರೆ ಆಧಾರ ಬೇಕು. ಒಬ್ಬ ಹುಡುಗ “ಕೊಲೆ ಅಂತೀರಲ್ಲ ಮಿಸ್, ಪೊಲೀಸ್ ಕೇಸ್ ಆಗ್ಲಿಲ್ವಾ?” ಎಂದ. ಅದನ್ನು ಮೂರನೇ ಭಾಗದಲ್ಲಿ ಬರೆದು, “ದಾಖಲೆ ಬರೆಯುತ್ತಿದ್ದವರು ಯಾರು?” ಎಂದು ಕೇಳಿದೆ. “ಇಂಜಿನಿಯರ್ ಕಡೆಯವ್ರು” ಎಂದು ಅವನೇ ಉತ್ತರಿಸಿದ. ಬರೆಯುವ ಅಧಿಕಾರ ಇಲ್ಲದವರು ತಮಗಾದ ಅನ್ಯಾಯವನ್ನು ಕಥೆಯಲ್ಲಿ ಕಾಪಾಡಿಕೊಳ್ಳುತ್ತಾರೆ. ಮೌಖಿಕ ಆಧಾರದ ಬೆಲೆ ಇರುವುದು ಅಲ್ಲಿ. ಕಥೆಯ ಪ್ರತಿಯೊಂದು ವಿವರವೂ ನಡೆದದ್ದೇ ಎಂದು ಹೇಳಲಾಗದು. ಆದರೆ ಈ ರಸ್ತೆಯಲ್ಲಿ ತಮ್ಮವರ ತಿಳಿವಳಿಕೆ ಇದೆ, ಅದಕ್ಕೆ ಹೆಸರು ಸಿಗಲಿಲ್ಲ ಎಂದು ಒಂದು ಜನಸಮುದಾಯ ನೆನಪಿಟ್ಟುಕೊಂಡಿದೆ ಎಂಬುದು ಮಾತ್ರ ಖಚಿತ. ವಯನಾಡಿನ ಆದಿವಾಸಿಗಳು ಇಂದು ಕರಿಂತಂಡನ್‌ನನ್ನು ತಮ್ಮ ಹಿರಿಯನೆಂದು ಗೌರವಿಸುತ್ತಾರೆ.

ವಿಸ್ತರಣೆ: “ನಮ್ಮ ತಾಲ್ಲೂಕಿನ ಒಬ್ಬ ರಸ್ತೆ ಕೆಲಸಗಾರರು” ಎಂದಷ್ಟೇ ಹೇಳಿ ತಾತನ ಕೆಲಸವನ್ನು ವಿವರಿಸಿದೆ: ಜಲ್ಲಿ ಒಡೆಯುವುದು, ಮಣ್ಣಿನ ಹದ ನೋಡುವುದು, ಬದಿಯ ಚರಂಡಿಗೆ ಇಳಿಜಾರು ಕೊಡುವುದು, ಮೋರಿ ಕಟ್ಟುವುದು. ಕೊನೆಗೆ ಅಪಘಾತವನ್ನು ಎರಡು ವಾಕ್ಯದಲ್ಲಿ ಹೇಳಿದೆ. ಒಬ್ಬ ಹುಡುಗ “ಬುಡದಿಂದ ತೆಗೆದ್ರೆ ಏನಾಗುತ್ತೆ?” ಎಂದು ಕೇಳಿದ. ನಾನು ಉತ್ತರಿಸಲು ಹೊರಟಿದ್ದೆ. ಆ ಹುಡುಗಿ ಎದ್ದು ನಿಂತಳು.

“ಬುಡ ಕೊರೆದ್ರೆ ಮೇಲಿನ ಮಣ್ಣಿಗೆ ಕೆಳಗೆ ಆಸರೆ ಇರಲ್ಲ. ಮಳೆ ನೀರು ಕುಡಿದು ತೂಕ ಜಾಸ್ತಿ ಆಗಿರುತ್ತೆ. ಒಂದೇ ಸಲ ಕುಸಿಯುತ್ತೆ. ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ಕೊಂಡು ಬರಬೇಕು. ನಮ್ಮಪ್ಪ ಈಗ ಹಂಗೇ ಮಾಡೋದು.”

ಹಲಗೆಗೆ ಬಂದು ಚಿತ್ರ ಬರೆದು ತೋರಿಸು ಎಂದೆ. ಬರೆದಳು. ನಾನು ತಯಾರಿಸಿದ್ದ ಚಾರ್ಟ್ ತೆರೆಯುವ ಅಗತ್ಯ ಬೀಳಲಿಲ್ಲ.

ಇದರೊಂದಿಗೆ ಪೌರನೀತಿಯನ್ನೂ ಜೋಡಿಸಿದೆ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರಲ್ಲಿ ಬಂತು. ರಸ್ತೆ ಕೆಲಸವೂ ಅದರ ವ್ಯಾಪ್ತಿಯಲ್ಲಿತ್ತು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ, ಫಲಾನುಭವಿಯಾಗಿ ನೋಂದಾಯಿಸಿಕೊಳ್ಳಬಹುದೆಂದು ಅದು ಹೇಳಿತು. “ಲೇಬರ್ ಕಾರ್ಡ್!” ಎಂದು ಹಲವರು ಕೂಗಿದರು. ಮನೆಯಲ್ಲಿ ಯಾರಿಗೆ ಕಾರ್ಡ್ ಇದೆ, ನವೀಕರಣ ಆಗಿದೆಯೇ ಎಂದು ನೋಡಿಕೊಂಡು ಬರುವುದು ಗೃಹಪಾಠವಾಯಿತು. ಉತ್ತರವನ್ನು ತರಗತಿಯಲ್ಲಿ ಓದಿಸಲಿಲ್ಲ.

ಮೌಲ್ಯಮಾಪನ: ಅದೇ ಪ್ರಶ್ನೆ, “ಕರಿಂತಂಡನ್ ಯಾರು?” ಈ ಸಲ ಬರೆದು ಕೊಡಲು ಹೇಳಿದೆ. ‘ದಾರಿ ಗೊತ್ತಿದ್ದವನು’, ‘ಹೆಸರು ಸಿಗದವನು’ ಎಂಬ ಉತ್ತರಗಳು ಹೆಚ್ಚು. ‘ದೆವ್ವ’ ಎಂದು ಬರೆದವರೂ ಇದ್ದರು. ಅದರಲ್ಲಿ ಒಬ್ಬ ಕಂಸದಲ್ಲಿ ‘ಜನ ಹಾಗೆ ಹೇಳುತ್ತಾರೆ’ ಎಂದು ಸೇರಿಸಿದ್ದ. ಆಧಾರಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇಕಿರಲಿಲ್ಲ.

ನಾನು ಕಲಿತದ್ದು

1. ಕೆಲಸಗಾರನ ಸಾವನ್ನು ಕಲಿಸುವ ಮೊದಲು ಅವನ ಕೆಲಸವನ್ನು ಕಲಿಸಬೇಕು. ಯಾವ ಕೌಶಲವುಳ್ಳ ಮನುಷ್ಯ ಹೋದನೆಂದು ತಿಳಿಯದಿದ್ದರೆ ಸಾವು ಬರೀ ರೋಚಕ ಕಥೆಯಾಗುತ್ತದೆ.

2. ಅಪಘಾತವನ್ನು ವಿಧಿ, ಕಾಟ ಎಂದು ಬಿಟ್ಟುಬಿಡದೆ ಕಾರಣ ಕೇಳಬೇಕು. ಕಾರಣ ಗೊತ್ತಾದರೆ ಮುಂದಿನ ಅಪಘಾತವನ್ನು ತಡೆಯಬಹುದು.

3. ಐತಿಹ್ಯವನ್ನು ಸುಳ್ಳೆಂದು ತಳ್ಳುವುದೂ ಬೇಡ, ನಡೆದ ಘಟನೆಯೆಂದು ಒಪ್ಪಿಸುವುದೂ ಬೇಡ. ಯಾರು ಯಾಕೆ ಹೇಳುತ್ತಿದ್ದಾರೆ ಎಂದು ಕೇಳಿಸಬೇಕು.

4. ಮಗುವಿನ ಮನೆಯ ಕಥೆಯನ್ನು ತರಗತಿಗೆ ತರುವ ಮುನ್ನ ಮಗುವನ್ನೂ ಮನೆಯವರನ್ನೂ ಕೇಳಬೇಕು. ಎಷ್ಟು ಹೇಳಬೇಕೆಂಬುದು ಅವರ ತೀರ್ಮಾನ.

ಬೋಧನಾಭ್ಯಾಸ ಮುಗಿದ ದಿನ ಆ ಹುಡುಗಿ ತನ್ನ ಟಿಪ್ಪಣಿ ಪುಸ್ತಕ ತಂದು ತೋರಿಸಿದಳು. ಹಲಗೆಯಲ್ಲಿ ಬರೆದ ದಿಬ್ಬದ ಚಿತ್ರವನ್ನು ಅದರಲ್ಲಿ ಮತ್ತೆ ಬರೆದಿದ್ದಳು. ಮೆಟ್ಟಿಲುಗಳಿಗೆ ಅಳತೆ ಹಾಕಿದ್ದಳು. ಕೆಳಗೆ ‘ಮೌಖಿಕ ಆಧಾರ: ನಮ್ಮ ಅಜ್ಜಿ’ ಎಂದು ಬರೆದಿತ್ತು. ಸಹಿ ಮಾಡಿ ಕೊಟ್ಟೆ.