ಹೆಪ್ಪುಗಟ್ಟುವ ನೀರು ಬಿಸಿ ಕೊಡುವುದೇ? ಒಂದು ಮರುಪಾಠ

ಒಂಬತ್ತನೇ ತರಗತಿಯ ಗುಪ್ತೋಷ್ಣದ ಪಾಠಕ್ಕೆ ವಿಮಾನದ ರೆಕ್ಕೆಯ ಮೇಲೆ ಕಟ್ಟುವ ಮಂಜುಗಡ್ಡೆಯನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೆ. ಮೋಡದಲ್ಲಿ 0 ಡಿಗ್ರಿಗಿಂತ ತಣ್ಣಗಿದ್ದೂ ದ್ರವವಾಗಿಯೇ ಉಳಿದ ಹನಿಗಳಿರುತ್ತವೆ, ರೆಕ್ಕೆಗೆ ಬಡಿದೊಡನೆ ಪೂರ್ತಿ ಗಟ್ಟಿಯಾಗುತ್ತವೆ, ತಣ್ಣಗಾದಷ್ಟೂ ಅಪಾಯ ಹೆಚ್ಚು ಎಂದೆ. ಹೆಪ್ಪುಗಟ್ಟುವಾಗ ಶಾಖ ಹೊರಬರುತ್ತದೆ ಎಂದೂ ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ಶಾಖ ಬಂದ್ರೆ ಉಳಿದ ನೀರು ಬೆಚ್ಚಗಾಗ್ಬೇಕಲ್ಲ? ಪೂರ್ತಿ ಹೇಗೆ ಗಟ್ಟಿ ಆಗುತ್ತೆ?” ಎಂದಳು. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದುಬಿಟ್ಟೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಉತ್ತರ ನಿಮಗೆ ಗೊತ್ತಿತ್ತೇ?”

ಗೊತ್ತಿರಲಿಲ್ಲ. ಆ ರಾತ್ರಿ ಲೆಕ್ಕಕ್ಕೆ ಕೂತೆ. ಮೈನಸ್ 10 ಡಿಗ್ರಿಯ 1 ಗ್ರಾಂ ನೀರು 0 ಡಿಗ್ರಿಗೆ ಏರಲು ಸುಮಾರು 10 ಕ್ಯಾಲೊರಿ ಸಾಕು. 1 ಗ್ರಾಂ ಹೆಪ್ಪುಗಟ್ಟಿದರೆ 80 ಕ್ಯಾಲೊರಿ ಹೊರಬರುತ್ತದೆ. ಅಂದರೆ ಹನಿಯ ಎಂಟನೇ ಒಂದು ಪಾಲು ಗಟ್ಟಿಯಾಗುವಷ್ಟರಲ್ಲೇ ಉಳಿದದ್ದು 0 ಡಿಗ್ರಿ ಮುಟ್ಟಿರುತ್ತದೆ! ಮಿಕ್ಕ ಏಳು ಪಾಲು ಗಟ್ಟಿಯಾಗಲು ಅದರ ಶಾಖವನ್ನು ಮುಖ್ಯವಾಗಿ ಗಾಳಿ ಒಯ್ಯಬೇಕು. ಒಯ್ಯಲಾರದಷ್ಟು ನೀರು ಬಂದರೆ ಅದು ರೆಕ್ಕೆಯ ಮೇಲೆ ಹಿಂದಕ್ಕೆ ಹರಿದು ಬೇರೆಡೆ ಗಡ್ಡೆ ಕಟ್ಟುತ್ತದೆ. ಶಾಖದ ಈ ಜಮಾ-ಖರ್ಚನ್ನು 1953ರಲ್ಲಿ ಮೆಸಿಂಜರ್ ಸಮೀಕರಣವಾಗಿ ಬರೆದರು. ಗಡ್ಡೆ ಎಲ್ಲಿ, ಎಷ್ಟು ಕಟ್ಟೀತೆಂದು ಮುಂಚೆಯೇ ಅಂದಾಜಿಸುವ ಎಷ್ಟೋ ಕಂಪ್ಯೂಟರ್ ವಿಧಾನಗಳಿಗೆ ಅದೇ ತಳಹದಿ. ನನ್ನ “ತಣ್ಣಗಾದಷ್ಟೂ ಅಪಾಯ”ವೂ ತಪ್ಪಾಗಿತ್ತು. 0 ಡಿಗ್ರಿಗೆ ತುಸು ಕೆಳಗೆ ನೀರು ಹರಿದು ಕಟ್ಟುವ ಕೊಂಬಿನಾಕಾರದ ಗಡ್ಡೆಯೇ ಗಾಳಿಯ ಹರಿವನ್ನು ಹೆಚ್ಚು ಕೆಡಿಸುತ್ತದೆ. 1994ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ, ಮಂಜು ಕಳಚುವ ರಬ್ಬರ್ ಪಟ್ಟಿಯ ಹಿಂದೆ ಗಡ್ಡೆ ಕಟ್ಟಿ ವಿಮಾನವೊಂದು ಬಿದ್ದು 68 ಮಂದಿ ಸತ್ತರು.

ಮರುಪಾಠವನ್ನು ಹೀಗೆ ಆರಂಭಿಸಿದೆ: “ಮೊನ್ನೆ ನೀನು ಕೇಳಿದ್ದೇ ಸರಿ. ನನಗೆ ಉತ್ತರ ಗೊತ್ತಿರಲಿಲ್ಲ.” ತರಗತಿ ಒಂದು ಕ್ಷಣ ಸುಮ್ಮನಾಯಿತು. ಪ್ರನಾಳದಲ್ಲಿ ಹೈಪೋ ಹರಳನ್ನು ಮೊದಲೇ ಕರಗಿಸಿ, ಉಷ್ಣಮಾಪಕ ಇಟ್ಟು, ಅಲುಗಿಸದೆ ಆರಿಸಿದ್ದೆ. ಅವಳಿಂದಲೇ ಒಂದು ಸಣ್ಣ ಹರಳು ಹಾಕಿಸಿದೆ. ಕಣ್ಣೆದುರೇ ದ್ರವ ಗಟ್ಟಿಯಾಯಿತು, ಪಾದರಸ 45ರತ್ತ ಏರಿತು. “ಬಿಸಿ, ಮಿಸ್!” (ಉಷ್ಣಮಾಪಕ ಒಳಗೇ ಸಿಕ್ಕಿಕೊಳ್ಳುತ್ತದೆ, ಎಳೆಯಬೇಡಿ, ಪ್ರನಾಳವನ್ನು ಬಿಸಿನೀರಿನಲ್ಲಿಡಿ.)

ಎಂಟನೇ ಒಂದರ ಲೆಕ್ಕ ಅರ್ಧ ತರಗತಿಗೆ ಮಾತ್ರ ಹಿಡಿಸಿತು. ಅದಕ್ಕೆ ಇನ್ನೊಂದು ಅವಧಿ ಬೇಕಿತ್ತು. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಮೇಜಿನ ಬಳಿ ಬಂದ. “ಹಾಗಾದ್ರೆ ಮೈನಸ್ 80ರಲ್ಲಿ ಪೂರ್ತಿ ಗಟ್ಟಿ ಆಗುತ್ತಾ, ಮಿಸ್?” ಲೆಕ್ಕವೇನೋ ಹಾಗೆನ್ನುತ್ತದೆ, ಆದರೆ ಮೈನಸ್ 40ರ ಹೊತ್ತಿಗೇ ಹನಿಗಳು ತಾವಾಗಿ ಹೆಪ್ಪುಗಟ್ಟಿರುತ್ತವೆ ಎಂದೆ. “ಯಾಕೆ?” ಎಂದ. ನಾಳೆ ಓದಿಕೊಂಡು ಬಂದು ಹೇಳುತ್ತೇನೆ ಎಂದೆ.