ಒತ್ತುವ ಮೊದಲೇ ಓಡುವ ಬಟನ್: ಟಿಕಿಂಟರ್ ಕಲಿಯುವವರಿಗೊಂದು ಕೈಪಿಡಿ

ಬೆಳ್ಳೂರು ಕ್ರಾಸ್‌ನಿಂದ ಬಿ.ಜಿ. ನಗರದ ಕಾಲೇಜುಗಳಿಗೆ ಹೋಗಿಬರುವ, ನಾಗಮಂಗಲದಲ್ಲಿ ಡಿಗ್ರಿ ಓದುವ ಹುಡುಗ ಹುಡುಗಿಯರಲ್ಲಿ ಪೈಥಾನ್ ಬಲ್ಲವರಿಗೆ ಈಗ ಕೊರತೆಯಿಲ್ಲ. ಲೂಪ್, ಲಿಸ್ಟ್, ಫಂಕ್ಷನ್ ಎಲ್ಲ ಸಲೀಸು. ಆದರೆ ಕಪ್ಪು ಪರದೆಯಲ್ಲಿ ಉತ್ತರ ಮೂಡಿಸುವುದನ್ನು ಬಿಟ್ಟು, ಮನೆಯವರೂ ಬಳಸುವಂಥ ಕಿಟಕಿ, ಬಟನ್ ಇರುವ ಪ್ರೋಗ್ರಾಂ ಮಾಡಲು ಹೊರಟರೆ ಬಹಳ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಎಡವಿದ್ದು ಎಲ್ಲಿ ಎಂದು ತಿಳಿಯದೆ, ಇದು ನಮಗೆ ಒಗ್ಗುವುದಲ್ಲ ಎಂದು ಕೈಬಿಡುತ್ತಾರೆ. ಆ ಜಾಗ ಯಾವುದೆಂದು ತೋರಿಸಲು ಈ ಲೇಖನ. ಉದಾಹರಣೆಗೆ ನಮ್ಮ ಕಡೆಯ ಮನೆಮನೆಗೂ ಬೇಕಾದ ಲೆಕ್ಕವನ್ನೇ ತೆಗೆದುಕೊಳ್ಳೋಣ: ಡೇರಿಗೆ ಹಾಕಿದ ಹಾಲು ಎಷ್ಟು ಲೀಟರ್, ದರ ಎಷ್ಟು, ಬರಬೇಕಾದ ಹಣ ಎಷ್ಟು.

ಹಿನ್ನೆಲೆ ಚುಟುಕಾಗಿ. ಕಿಟಕಿ, ಬಟನ್, ಬರೆಯುವ ಪೆಟ್ಟಿಗೆಗಳನ್ನು ಸಿದ್ಧವಾಗಿ ಒದಗಿಸುವ ಸಲಕರಣೆಗೆ ಟೂಲ್‌ಕಿಟ್ ಎನ್ನುತ್ತಾರೆ. ಟಿಕೆ ಅಂಥದ್ದೊಂದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ ಮೊದಲು ಟಿಸಿಎಲ್ ಭಾಷೆಯನ್ನೂ ಆಮೇಲೆ ಅದರ ಜೊತೆಗೆ ಟಿಕೆಯನ್ನೂ ಕಟ್ಟಿದರು. ಪೈಥಾನ್‌ನಿಂದ ಟಿಕೆಯನ್ನು ಬಳಸಲು ಇರುವ ಸೇತುವೆಯೇ ಟಿಕಿಂಟರ್. ಕ್ಯೂಟಿ, ಜಿಟಿಕೆ ಮುಂತಾದ ಬೇರೆ ಟೂಲ್‌ಕಿಟ್‌ಗಳೂ ಇವೆ. ಆದರೂ ಮೊದಲು ಕಲಿಯಬೇಕಾದ್ದು ಟಿಕಿಂಟರ್ ಎಂಬುದು ನನ್ನ ಖಚಿತ ಅಭಿಪ್ರಾಯ. ಪೈಥಾನ್ ಜೊತೆಗೇ ಬರುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಇಲ್ಲಿ ಕಲಿತ ತತ್ವ ಉಳಿದ ಕಡೆಗೂ ಸಲ್ಲುತ್ತದೆ.

ಒಂದು ಸೂಚನೆ. ಪೈಥಾನ್‌ನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ನೀವು ಇಡುವ ಹೆಸರುಗಳು ಮಾತ್ರ ಕನ್ನಡದಲ್ಲಿರಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಈ ಸೌಲಭ್ಯವಿದೆ. ಕೆಳಗಿನ ಕಿಟಕಿ, ಲೀಟರು, ದರ, ಫಲ, ಲೆಕ್ಕ ಮುಂತಾದ ಹೆಸರುಗಳನ್ನು ಹೀಗೇ ಕನ್ನಡದಲ್ಲಿ ಟೈಪ್ ಮಾಡಬಹುದು.

ಹಂತ 1: ಸಿದ್ಧತೆ

ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಂಡರೆ ಟಿಕಿಂಟರ್ ಬಂದಂತೆಯೇ. ಉಬುಂಟುವಿನಲ್ಲಿ ಮಾತ್ರ ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇದನ್ನು ಬಿಟ್ಟು, ಮಾಡ್ಯೂಲ್ ಸಿಗಲಿಲ್ಲ ಎಂಬ ದೂರನ್ನು ನೋಡಿ ಗಾಬರಿಯಾಗುವವರಿದ್ದಾರೆ. ಫೈಲಿಗೆ ಹಾಲು ಎಂದೋ ಡೇರಿ ಎಂದೋ ಹೆಸರಿಡಿ. ಟಿಕಿಂಟರ್ ಎಂಬ ಹೆಸರನ್ನೇ ಇಟ್ಟರೆ ಪೈಥಾನ್ ನಿಜವಾದ ಟಿಕಿಂಟರನ್ನು ಬಿಟ್ಟು ನಿಮ್ಮ ಫೈಲನ್ನೇ ತೆರೆಯುತ್ತದೆ.

ಹಂತ 2: ಕಿಟಕಿ ತೆರೆಯುವುದು

ಇಂಪೋರ್ಟ್ ಟಿಕಿಂಟರ್ ಆ್ಯಸ್ ಟಿಕೆ
ಕಿಟಕಿ = ಟಿಕೆ.ಟಿಕೆ()
ಕಿಟಕಿ.ಮೇನ್‌ಲೂಪ್()

ಎರಡನೇ ಸಾಲಿನಲ್ಲಿ ಚುಕ್ಕಿಯ ಮುಂದಿನ ಟಿಕೆಯಲ್ಲಿ ಮೊದಲ ಅಕ್ಷರ ದೊಡ್ಡದು. ಮೂರನೇ ಸಾಲು ಈ ವಿದ್ಯೆಯ ಬುಡ. ಈವರೆಗೆ ನೀವು ಬರೆದ ಪ್ರೋಗ್ರಾಂಗಳು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓಡಿ ಮುಗಿಯುತ್ತಿದ್ದವು. ಕಿಟಕಿಯ ಪ್ರೋಗ್ರಾಂ ಹಾಗೆ ಮುಗಿಯುವಂತಿಲ್ಲ. ಅದು ಕಾಯಬೇಕು. ಮೌಸ್ ಒತ್ತಿದರೇ, ಕೀಲಿ ಅದುಮಿದರೇ, ಕಿಟಕಿ ಮುಚ್ಚಿದರೇ ಎಂದು ನೋಡುತ್ತಲೇ ಇದ್ದು, ಏನಾದರೂ ಆದಾಗ ತಕ್ಕ ಫಂಕ್ಷನ್ನನ್ನು ಕರೆಯಬೇಕು. ಹೀಗೆ ಕಾಯುವ ಕೆಲಸ ಮೇನ್‌ಲೂಪ್‌ನದು.

ಐಡಲ್ ಎಂಬ ಎಡಿಟರ್‌ನಲ್ಲಿ ಬರೆಯುವವರು ಇಲ್ಲಿ ಮೋಸಹೋಗುತ್ತಾರೆ. ಐಡಲ್ ತಾನೇ ಟಿಕಿಂಟರ್‌ನಲ್ಲಿ ಕಟ್ಟಿದ ತಂತ್ರಾಂಶ. ಅದರೊಳಗೆ ಓಡಿಸಿದರೆ ಮೇನ್‌ಲೂಪ್ ಸಾಲು ಇಲ್ಲದಿದ್ದರೂ ಕಿಟಕಿ ಕಾಣುತ್ತದೆ. ಅದೇ ಫೈಲನ್ನು ಹೊರಗೆ ಡಬಲ್ ಕ್ಲಿಕ್ ಮಾಡಿದರೆ ಕಿಟಕಿ ಮಿಂಚಿ ಮಾಯವಾಗುತ್ತದೆ. ಆ ಸಾಲನ್ನು ಎಂದೂ ಬಿಡಬೇಡಿ. ಅದು ಯಾವಾಗಲೂ ಫೈಲಿನ ಕೊನೆಯಲ್ಲಿರಲಿ. ಇನ್ನು ಮುಂದೆ ಬರೆಯುವುದೆಲ್ಲ ಅದಕ್ಕಿಂತ ಮೇಲೆ.

ಹಂತ 3: ಪೆಟ್ಟಿಗೆಗಳನ್ನು ಜೋಡಿಸುವುದು

ಲೀಟರು = ಟಿಕೆ.ಎಂಟ್ರಿ(ಕಿಟಕಿ)
ಲೀಟರು.ಗ್ರಿಡ್(ರೋ=0, ಕಾಲಮ್=1)

ಮೊದಲ ಸಾಲು ಪೆಟ್ಟಿಗೆಯನ್ನು ಮಾಡುತ್ತದೆ, ಎರಡನೆಯದು ಅದನ್ನು ಕಿಟಕಿಯಲ್ಲಿ ಕೂರಿಸುತ್ತದೆ. ಕೂರಿಸದಿದ್ದರೆ ಪೆಟ್ಟಿಗೆ ಕಾಣುವುದೇ ಇಲ್ಲ. ರೋ ಅಡ್ಡಸಾಲು, ಕಾಲಮ್ ಉದ್ದಸಾಲು, ಎಣಿಕೆ ಸೊನ್ನೆಯಿಂದ. ಇದೇ ರೀತಿ ದರಕ್ಕೆ ಇನ್ನೊಂದು ಎಂಟ್ರಿ, ಪಕ್ಕದಲ್ಲಿ ಹೆಸರು ತೋರಿಸಲು ಲೇಬಲ್‌ಗಳು, ಉತ್ತರಕ್ಕೆ ಫಲ ಎಂಬ ಖಾಲಿ ಲೇಬಲ್ ಮಾಡಿಕೊಳ್ಳಿ.

ಎರಡು ಎಚ್ಚರಿಕೆ. ಮೇಲಿನ ಎರಡು ಸಾಲನ್ನು ಒಂದೇ ಸಾಲಾಗಿ ಬರೆಯಬೇಡಿ. ಬರೆದರೆ ಲೀಟರು ಎಂಬ ಹೆಸರಿನಲ್ಲಿ ಪೆಟ್ಟಿಗೆ ಇರುವುದಿಲ್ಲ. ಗ್ರಿಡ್ ಹಿಂದಿರುಗಿಸುವ ನನ್, ಅಂದರೆ ಶೂನ್ಯ, ಇರುತ್ತದೆ. ಎರಡನೆಯದು: ಜೋಡಣೆಗೆ ಪ್ಯಾಕ್ ಎಂಬ ಇನ್ನೊಂದು ವಿಧಾನವಿದೆ. ಒಂದೇ ಕಿಟಕಿಯೊಳಗೆ ನೇರವಾಗಿ ಪ್ಯಾಕ್, ಗ್ರಿಡ್ ಎರಡನ್ನೂ ಬೆರೆಸಿದರೆ ಟಿಕೆ ಒಪ್ಪುವುದಿಲ್ಲ. ಹೊಸಬರು ಗ್ರಿಡ್ ಒಂದನ್ನೇ ಹಿಡಿದುಕೊಳ್ಳುವುದು ಕ್ಷೇಮ.

ಹಂತ 4: ಲೆಕ್ಕದ ಫಂಕ್ಷನ್

ಲೆಕ್ಕ ಎಂಬ ಫಂಕ್ಷನ್ ಬರೆಯಿರಿ. ಅದರೊಳಗೆ ಲೀಟರು.ಗೆಟ್(), ದರ.ಗೆಟ್() ಎಂದು ಎರಡು ಪೆಟ್ಟಿಗೆಯಲ್ಲಿ ಇರುವುದನ್ನು ಓದಿ, ಎರಡನ್ನೂ ಫ್ಲೋಟ್ ಮೂಲಕ ಸಂಖ್ಯೆಯಾಗಿಸಿ, ಗುಣಿಸಿ, ಉತ್ತರವನ್ನು ಫಲ.ಕಾನ್ಫಿಗ್(ಟೆಕ್ಸ್ಟ್=ಮೊತ್ತ) ಎಂದು ಲೇಬಲ್‌ಗೆ ಬರೆಯಿರಿ. ಗೆಟ್ ಕೊಡುವುದು ಯಾವಾಗಲೂ ಅಕ್ಷರಗಳ ಸಾಲು. ಫ್ಲೋಟ್ ಬಿಟ್ಟರೆ ಗುಣಾಕಾರ ನಡೆಯದು. ಇಲ್ಲೊಂದು ಸಂತೋಷದ ಸಂಗತಿ: ಅಜ್ಜ ಕನ್ನಡ ಅಂಕಿಯಲ್ಲಿ ೧೨.೫ ಎಂದು ತುಂಬಿದರೂ ಫ್ಲೋಟ್ ಅದನ್ನು ಸರಿಯಾಗಿ ಹನ್ನೆರಡೂವರೆ ಎಂದೇ ಓದುತ್ತದೆ. ದರವನ್ನು ಪ್ರೋಗ್ರಾಂ ಒಳಗೆ ಬರೆದಿಡಬೇಡಿ. ಹಾಲು ಒಕ್ಕೂಟ ದರ ಬದಲಿಸುತ್ತದೆ. ಹಾಲಿನ ಜಿಡ್ಡಿನ ಅಂಶದ ಮೇಲೂ ದರ ಬೇರೆಯಾಗುತ್ತದೆ. ಅದು ಪೆಟ್ಟಿಗೆಯಲ್ಲೇ ಇರಲಿ.

ಹಂತ 5: ಬಟನ್, ಮತ್ತು ಆ ಎರಡು ಬ್ರಾಕೆಟ್

ಈಗ ಬಂತು ಎಲ್ಲರೂ ಎಡವುವ ಜಾಗ. ಸರಿಯಾದ ಸಾಲು ಇದು:

ಟಿಕೆ.ಬಟನ್(ಕಿಟಕಿ, ಟೆಕ್ಸ್ಟ್="ಲೆಕ್ಕ ಹಾಕು", ಕಮಾಂಡ್=ಲೆಕ್ಕ).ಗ್ರಿಡ್(ರೋ=2, ಕಾಲಮ್=1)

ಈ ಬಟನ್‌ಗೆ ನಾವು ಹೆಸರಿಟ್ಟಿಲ್ಲ, ಮುಂದೆ ಬೇಕಾಗಿಯೂ ಇಲ್ಲ. ಆದ್ದರಿಂದ ಇಲ್ಲಿ ಒಂದೇ ಸಾಲು ನಡೆಯುತ್ತದೆ. ಎಡವುವವರು ಬರೆಯುವುದು ಕಮಾಂಡ್=ಲೆಕ್ಕ() ಎಂದು. ಕಣ್ಣಿಗೆ ಎರಡೂ ಒಂದೇ. ಫಂಕ್ಷನ್ ಎಂದರೆ ಮುಂದೆ ಬ್ರಾಕೆಟ್ ಇರಲೇಬೇಕು ಎಂಬ ರೂಢಿಯಿಂದ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಬ್ರಾಕೆಟ್ ಹಾಕಿದರೆ ಅದು ಈಗಲೇ ಓಡು ಎಂಬ ಅಪ್ಪಣೆ. ಹಾಕದಿದ್ದರೆ ಬರೀ ಹೆಸರು. ಪಂಪ್‌ಸೆಟ್ ರಿಪೇರಿಯವರ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದಕ್ಕೂ ಈಗಲೇ ಆ ನಂಬರಿಗೆ ಫೋನ್ ಮಾಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಬಟನ್‌ಗೆ ಬೇಕಿರುವುದು ನಂಬರ್. ಫೋನ್ ಮಾಡುವುದು ಯಾವಾಗ ಎಂದು ನಿರ್ಧರಿಸುವುದು ಮೇನ್‌ಲೂಪ್, ಅದೂ ಯಾರಾದರೂ ಬಟನ್ ಒತ್ತಿದಾಗ.

ತಪ್ಪಾಗಿ ಬ್ರಾಕೆಟ್ ಹಾಕಿದಾಗ ಏನಾಗುತ್ತದೆ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ನೋಡಿ. ಹೊಸಬರನ್ನು ದಾರಿತಪ್ಪಿಸುವುದು ಈ ಸರಣಿಯೇ. ಬಟನ್ ಇನ್ನೂ ತಯಾರಾಗುತ್ತಿರುವಾಗಲೇ ಲೆಕ್ಕ ಓಡುತ್ತದೆ. ಆಗ ಪೆಟ್ಟಿಗೆಗಳು ಖಾಲಿ. ಖಾಲಿ ಅಕ್ಷರವನ್ನು ಸಂಖ್ಯೆಯಾಗಿಸಲು ಆಗದೆ ಫ್ಲೋಟ್ ಇರುವ ಸಾಲಿನಲ್ಲಿ ವ್ಯಾಲ್ಯೂ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ದೋಷಸಂದೇಶದ ಕೊನೆಯಲ್ಲಿ ಫ್ಲೋಟ್‌ನ ಹೆಸರು ಕಂಡ ಕಲಿಯುವವರು ತಪ್ಪು ಅಲ್ಲಿಯೇ ಇದೆ ಎಂದು ತಿಳಿದು, ಅದರ ಸುತ್ತ ಟ್ರೈ, ಎಕ್ಸೆಪ್ಟ್ ಕಟ್ಟುತ್ತಾರೆ. ದೋಷ ಮುಚ್ಚಿಹೋಗುತ್ತದೆ, ಕಿಟಕಿಯೂ ತೆರೆದುಕೊಳ್ಳುತ್ತದೆ. ಗೆದ್ದೆವು ಎಂದುಕೊಂಡು ಸಂಖ್ಯೆ ತುಂಬಿ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಏಕೆಂದರೆ ಲೆಕ್ಕ ಆಗಲೇ ಓಡಿ ಮುಗಿದು ಹಿಂದಿರುಗಿಸಿದ್ದು ನನ್. ಬಟನ್‌ಗೆ ಸಿಕ್ಕಿದ್ದೂ ಆ ಶೂನ್ಯವೇ. ಈ ಸಲ ದೋಷಸಂದೇಶವೂ ಇಲ್ಲ. ಕಂಪ್ಯೂಟರ್ ಸರಿಯಿಲ್ಲ, ಪೈಥಾನ್ ಮತ್ತೆ ಹಾಕಬೇಕು ಎಂಬ ಮಾತು ಹುಟ್ಟುವುದು ಇಲ್ಲಿಂದ.

ಆದ್ದರಿಂದ ಒಂದು ಪರೀಕ್ಷೆ ನೆನಪಿಡಿ. ಒತ್ತುವ ಮೊದಲೇ ಫಂಕ್ಷನ್ ಓಡಿದರೆ, ಅಥವಾ ಒತ್ತಿದಾಗ ಮೌನವಾಗಿದ್ದರೆ, ಮೊದಲು ನೋಡಬೇಕಾದ್ದು ಕಮಾಂಡ್ ಮುಂದಿನ ಬ್ರಾಕೆಟ್. ದೋಷಸಂದೇಶವನ್ನೂ ಕೊನೆಯ ಸಾಲಿಗೇ ನಿಲ್ಲಿಸದೆ ಮೇಲಿನಿಂದ ಓದಿ. ಬಟನ್ ಮಾಡಿದ ಸಾಲಿನ ಸಂಖ್ಯೆ ಅಲ್ಲಿ ಕಾಣುತ್ತದೆ. ಅದೇ ಸುಳಿವು. ಸಿದ್ಧ ಕೋಡನ್ನು ಎಲ್ಲಿಂದಲೋ ತಂದು ಅಂಟಿಸುವವರಿಗೆ ಈ ಸುಳಿವು ಎಂದೂ ಕಾಣುವುದಿಲ್ಲ. ಮೊದಲ ನಾಲ್ಕೈದು ಪ್ರೋಗ್ರಾಂಗಳನ್ನಾದರೂ ಕೈಯಾರೆ ಟೈಪ್ ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಫಂಕ್ಷನ್‌ಗೆ ಏನಾದರೂ ಕೊಟ್ಟು ಕಳಿಸಬೇಕಾದರೆ? ಬೆಳಗಿನ ಹಾಲು, ಸಂಜೆ ಹಾಲು ಎಂದು ಎರಡು ಬಟನ್ ಇದೆ ಎನ್ನಿ. ಉಳಿಸು ಎಂಬ ಫಂಕ್ಷನ್‌ಗೆ ಹೊತ್ತು ಯಾವುದೆಂದು ತಿಳಿಯಬೇಕು. ಆಗ ಕಮಾಂಡ್=ಲ್ಯಾಂಬ್ಡಾ: ಉಳಿಸು("ಬೆಳಿಗ್ಗೆ") ಎಂದು ಬರೆಯಿರಿ. ಲ್ಯಾಂಬ್ಡಾ ಎಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್. ಬಟನ್ ಒತ್ತುವವರೆಗೆ ಒಳಗಿನ ಬ್ರಾಕೆಟ್ ಓಡದಂತೆ ಅದು ತಡೆಯುತ್ತದೆ. ಬಟನ್‌ಗಳನ್ನು ಫಾರ್ ಲೂಪ್‌ನಲ್ಲಿ ಮಾಡುವವರಿಗೆ ಇನ್ನೊಂದು ಗುಂಡಿ ಕಾದಿದೆ. ಲೂಪ್‌ನ ಚರಾಕ್ಷರ ಹೊತ್ತು ಎಂದಿದ್ದು, ಲ್ಯಾಂಬ್ಡಾ: ಉಳಿಸು(ಹೊತ್ತು) ಎಂದು ಬರೆದರೆ ಎಲ್ಲ ಬಟನ್‌ಗಳೂ ಕೊನೆಯ ಹೊತ್ತನ್ನೇ, ಅಂದರೆ ಸಂಜೆಯನ್ನೇ ಹಿಡಿಯುತ್ತವೆ. ಲ್ಯಾಂಬ್ಡಾ ಹೆಸರಿನ ಬೆಲೆಯನ್ನು ನೋಡುವುದು ಒತ್ತಿದಾಗ. ಅಷ್ಟರಲ್ಲಿ ಲೂಪ್ ಮುಗಿದು ಸಂಜೆ ಉಳಿದಿರುತ್ತದೆ. ಲ್ಯಾಂಬ್ಡಾ ಹೊತ್ತು=ಹೊತ್ತು: ಉಳಿಸು(ಹೊತ್ತು) ಎಂದರೆ ಆಯಾ ಬಟನ್‌ಗೆ ಆಯಾ ಬೆಲೆ ಅಂಟಿಕೊಳ್ಳುತ್ತದೆ.

ಹಂತ 6: ಕಿಟಕಿ ಹೆಪ್ಪುಗಟ್ಟದಂತೆ

ಕಾಯುವುದು ಮೇನ್‌ಲೂಪ್‌ನ ಕೆಲಸ ಎಂದೆನಲ್ಲ, ಅದನ್ನು ನಾವು ಅಡ್ಡಗಟ್ಟಬಾರದು. ಫಂಕ್ಷನ್ ಒಳಗೆ ಟೈಮ್.ಸ್ಲೀಪ್(10) ಎಂದು ಬರೆದರೆ ಆ ಹತ್ತು ಸೆಕೆಂಡ್ ಕಿಟಕಿ ಅಲುಗಾಡದು, ಮುಚ್ಚುವ ಗುರುತಿಗೂ ಓಗೊಡದು. ಗಡಿಯಾರದಂತೆ ಆಗಾಗ ಮಾಡುವ ಕೆಲಸಕ್ಕೆ ಕಿಟಕಿ.ಆಫ್ಟರ್(1000, ಗಡಿಯಾರ) ಎಂದು ಹೇಳಿ. ಸಾವಿರ ಮಿಲಿಸೆಕೆಂಡ್ ಅಂದರೆ ಒಂದು ಸೆಕೆಂಡ್ ಆದ ಮೇಲೆ ಗಡಿಯಾರ ಎಂಬ ಫಂಕ್ಷನ್ನನ್ನು ಮೇನ್‌ಲೂಪ್ ಒಂದು ಸಲ ಕರೆಯುತ್ತದೆ. ಮತ್ತೆ ಮತ್ತೆ ಓಡಬೇಕಾದರೆ ಆ ಫಂಕ್ಷನ್ ಒಳಗೂ ಇದೇ ಸಾಲು ಇರಲಿ. ಇಲ್ಲೂ ಬ್ರಾಕೆಟ್ ಇಲ್ಲ, ಗಮನಿಸಿ.

ಕನ್ನಡಕ್ಕೆ ಸಂಬಂಧಿಸಿದ್ದು

ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹಗಳ ಹಳೆಯ ಫಾಂಟ್ ವಿಧಾನದಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಕಿಟಕಿಯಲ್ಲಿ ಅರ್ಥವಿಲ್ಲದ ಚಿಹ್ನೆ ಬರುತ್ತದೆ. ಹೆಸರುಗಳಲ್ಲಿ ‘ಬಟನ್‌ಗೆ’ ಎಂಬಲ್ಲಿರುವಂತೆ ಒತ್ತಕ್ಷರವಾಗದೆ ಬಿಡಿಸಿ ನಿಲ್ಲುವ ರೂಪ ಬೇಡ. ಅದರೊಳಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಡಗಿರುತ್ತದೆ, ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪದು. ಉಲ್ಲೇಖ ಚಿಹ್ನೆಯ ಒಳಗಿನ ಪಠ್ಯಕ್ಕೆ ಈ ನಿರ್ಬಂಧವಿಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಫಾಂಟ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಟಿಕೆ 8.6 ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. ಅಲ್ಲಿ ಕನ್ನಡ ಕಿಟಕಿ ಬೇಕೇಬೇಕು ಎನ್ನುವವರು ಟಿಕಿಂಟರ್‌ನಲ್ಲಿ ತತ್ವ ಕಲಿತು ಕ್ಯೂಟಿಗೆ ದಾಟಿ.

ಉಳಿದದ್ದು ಒಂದೊಂದು ಮಾತಿನಲ್ಲಿ

ಅಂದವಾದ ಬಟನ್‌ಗೆ ಟಿಕಿಂಟರ್‌ನ ಒಳಗಿನ ಟಿಟಿಕೆ. ಖಾಲಿ ಪೆಟ್ಟಿಗೆ ಬಿಟ್ಟು ಒತ್ತುವವರಿಗಾಗಿ ಈಗ ಟ್ರೈ, ಎಕ್ಸೆಪ್ಟ್ ಹಾಕಿ, ‘ಸಂಖ್ಯೆ ತುಂಬಿ’ ಎಂದು ಲೇಬಲ್‌ನಲ್ಲಿ ತೋರಿಸಿ. ಲೆಕ್ಕ ಉಳಿಸಿಡಲು ಎಸ್‌ಕ್ಯೂಲೈಟ್, ಅದೂ ಪೈಥಾನ್ ಜೊತೆಗೇ ಇದೆ. ಪೈಥಾನ್ ಇಲ್ಲದ ಕಂಪ್ಯೂಟರಿಗೆ ಕೊಡಲು ಪೈಇನ್‌ಸ್ಟಾಲರ್. ವಿಂಡೋಸ್‌ಗೆ ಬೇಕಾದ ಫೈಲನ್ನು ವಿಂಡೋಸ್‌ನಲ್ಲೇ ತಯಾರಿಸಿ. ಎಳೆದು ಬಿಟ್ಟು ಕಿಟಕಿ ಕಟ್ಟುವ ಡಿಸೈನರ್‌ಗಳಿಗೆ ಈಗಲೇ ಕೈಹಾಕಬೇಡಿ. ಹಾಲಿನ ಲೆಕ್ಕ ಓಡಿದ ಮೇಲೆ ಅದಕ್ಕೇ ತಿಂಗಳ ಮೊತ್ತದ ಬಟನ್ ಒಂದನ್ನು ನೀವಾಗಿ ಸೇರಿಸಿ. ಕಮಾಂಡ್ ಮುಂದೆ ಬ್ರಾಕೆಟ್ ಇಲ್ಲದೆ.