ಪೊಟ್ಟಣ ತೆರೆಯುವ ಕೈ: ಒಂದು ಪುಟ್ಟ ಸಾಧನದ ವಿಚಾರ

ಮಹಾನಗರದ ಸಂಸಾರದಲ್ಲಿ ದಿನದ ಮೊದಲ ಕೆಲಸ ಹಾಲಿನ ಪ್ಯಾಕೆಟ್ಟನ್ನು ತೆರೆಯುವುದು. ಹಿರಿಯರ ಪಾಲಿಗೆ ಕೊನೆಯ ಕೆಲಸ ರಾತ್ರಿಯ ಮಾತ್ರೆಯನ್ನು ಅದರ ಪಟ್ಟಿಯಿಂದ ಬಿಡಿಸಿಕೊಳ್ಳುವುದು. ಇವೆರಡರ ನಡುವೆ ರವೆ, ಬೇಳೆ, ಎಣ್ಣೆ, ಉಪ್ಪು, ಬಿಸ್ಕತ್ತು, ಊರಿನಿಂದ ಅಂಟುಪಟ್ಟಿ ಸುತ್ತಿಸಿಕೊಂಡು ಬಂದ ಸಾರಿನ ಪುಡಿ, ಎಲ್ಲವೂ ಬಾಯಿ ಮುಚ್ಚಿಕೊಂಡೇ ಮನೆಯನ್ನು ಪ್ರವೇಶಿಸುತ್ತವೆ. ಹಿಂದೆ ಕಿರಾಣಿ ಅಂಗಡಿಯವನು ಕಾಗದದ ಪೊಟ್ಟಣಕ್ಕೆ ನೂಲು ಸುತ್ತಿ ಕೊಡುತ್ತಿದ್ದ. ತುದಿ ಎಳೆದರೆ ಪೊಟ್ಟಣ ಬಿಚ್ಚಿಕೊಳ್ಳುತ್ತಿತ್ತು, ನೂಲು ಮನೆಯ ಉಂಡೆಗೆ ಸೇರುತ್ತಿತ್ತು. ಪ್ಲಾಸ್ಟಿಕ್ಕಿನ ಪೊಟ್ಟಣ ಪದಾರ್ಥವನ್ನು ತೇವದಿಂದಲೂ ಹುಳುವಿನಿಂದಲೂ ಕಲಬೆರಕೆಯಿಂದಲೂ ರಕ್ಷಿಸಿತೆಂಬುದು ನಿಜ. ಆದರೆ ಅದನ್ನು ತೆರೆಯುವ ಕೈಯ ಯೋಚನೆ ಹಿಂದೆ ಬಿದ್ದಿತು.

ಇದು ಹೊಸ ಮರೆವಲ್ಲ. ಆಹಾರವನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ಎಂಬಾತ ಹಕ್ಕುಪತ್ರ ಪಡೆದದ್ದು 1810ರಲ್ಲಿ. ಆ ಡಬ್ಬಿಯನ್ನು ತೆರೆಯುವ ಸಾಧನಕ್ಕೆ ಅಮೆರಿಕದ ಎಜ್ರಾ ವಾರ್ನರ್ ಹಕ್ಕುಪತ್ರ ಪಡೆದದ್ದು 1858ರಲ್ಲಿ. ನಡುವಿನ ದಶಕಗಳಲ್ಲಿ ಜನ ಉಳಿ ಸುತ್ತಿಗೆಗಳಿಂದ ಡಬ್ಬಿ ಒಡೆದರು. ಹಾಲಿನ ಪ್ಯಾಕೆಟ್ಟಿನ ವಿಷಯದಲ್ಲಿ ಅನೇಕ ಮನೆಗಳು ಇನ್ನೂ ಉಳಿ ಸುತ್ತಿಗೆಯ ಕಾಲದಲ್ಲಿಯೇ ಇವೆ.

ಹಾಸನದಿಂದಲೋ ಶಿವಮೊಗ್ಗೆಯಿಂದಲೋ ಮಗನ ಮನೆಗೆ ಬಂದು ನೆಲೆಸಿದ ಎಪ್ಪತ್ತರ ವಯಸ್ಸಿನ ತಾಯಿಯೊಬ್ಬರನ್ನು ನೆನೆಯಬಹುದು. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಎದುರು ಮನೆಯವರ ಭಾಷೆ ಬೇರೆ. ಮಧ್ಯಾಹ್ನ ಬಿಸ್ಕತ್ತಿನ ಪ್ಯಾಕೆಟ್ಟು ಅವರ ಬೆರಳಿಗೆ ಬಗ್ಗುವುದಿಲ್ಲ. ಸಂಜೆ ಸೊಸೆ, “ಅತ್ತೆ, ಬಿಸ್ಕತ್ತು ಹಾಗೇ ಇದೆಯಲ್ಲ?” ಎಂದರೆ, “ಹಸಿವಿರಲಿಲ್ಲ ಕಣಮ್ಮ” ಎಂಬ ಉತ್ತರ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಹೀಗೆ ಹಸಿದಿರುವುದು ಅಪಾಯಕರ. ರಕ್ತದ ಸಕ್ಕರೆ ಇಳಿದು ಬವಳಿ ಬರಬಹುದು. ಪೊಟ್ಟಣ ತೆರೆಯುವ ಸಾಧನವನ್ನು ರೂಪಿಸುವವರು ಮೊದಲು ಕಣ್ಣ ಮುಂದೆ ಇಟ್ಟುಕೊಳ್ಳಬೇಕಾದದ್ದು ಈ ಕೈಯನ್ನು. ಇದಕ್ಕೆ ಒಗ್ಗುವ ಸಾಧನ ಮನೆಯ ಉಳಿದ ಕೈಗಳಿಗೆ ತಾನಾಗಿ ಒಗ್ಗುತ್ತದೆ. ತಿರುವುಮುರುವಾದ ಮಾತು ಸಲ್ಲದು.

ಹಲ್ಲು, ಚಾಕು, ಹೆಬ್ಬೆರಳು

ಸಾಧನವಿಲ್ಲದಾಗ ಮನುಷ್ಯ ಮೊದಲು ಬಳಸುವುದು ಹಲ್ಲನ್ನು. ಹಲ್ಲಿನ ಹೊರಪದರವಾದ ಎನಾಮಲ್ ದೇಹದಲ್ಲೆಲ್ಲ ಅತಿ ಗಟ್ಟಿಯಾದ ವಸ್ತು. ಆದರೆ ಗಾಜಿನಂತೆ ಭಿದುರವಾದದ್ದು. ಆಹಾರವನ್ನು ಅಗಿಯುವಾಗ ಭಾರ ಹಲ್ಲಿನ ಮೇಲೆ ನೇರವಾಗಿ ಇಳಿಯುತ್ತದೆ. ಪ್ಯಾಕೆಟ್ಟನ್ನು ಕಚ್ಚಿ ಎಳೆಯುವಾಗ ಭಾರ ಅಡ್ಡಲಾಗಿ, ಮುಂಭಾಗದ ತೆಳು ಅಂಚಿನ ಮೇಲೆ ಬೀಳುತ್ತದೆ. ಚಕ್ಕೆ ಎದ್ದರೆ ಅದು ಮತ್ತೆ ಬೆಳೆಯದು. ಎನಾಮಲನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ವೇಳೆಗೇ ನಶಿಸಿರುತ್ತವೆ. ಕಟ್ಟಿಸಿದ ಹಲ್ಲು, ತೊಡಿಸಿದ ಟೊಪ್ಪಿ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಇದಲ್ಲದೆ ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ 15 ಸೆಕೆಂಡು ಕಾಯಿಸಿ ಪಾಶ್ಚೀಕರಿಸಿರಬಹುದು, ಆದರೆ ಪ್ಯಾಕೆಟ್ಟಿನ ಹೊರಮೈಯನ್ನು ಯಾರೂ ಪಾಶ್ಚೀಕರಿಸಿರುವುದಿಲ್ಲ. ಅದು ಕ್ರೇಟು, ಲಾರಿ, ಬೂತು, ಹೊಸ್ತಿಲು ಇಷ್ಟನ್ನೂ ಮುಟ್ಟಿ ಬಂದಿರುತ್ತದೆ.

ಎರಡನೆಯದು ಚಾಕು. ಎಡಗೈಯಲ್ಲಿ ಪೊಟ್ಟಣ, ಬಲಗೈಯಲ್ಲಿ ಚಾಕು, ಮೊನೆ ತನ್ನ ಕಡೆಗೇ. ಪದರ ಒಮ್ಮೆಗೇ ಸೀಳಿದಾಗ ಕೈಯ ಬಲವನ್ನು ತಡೆಯಲು ಏನೂ ಇರುವುದಿಲ್ಲ. ಅಲಗು ನೇರವಾಗಿ ಎಡ ಅಂಗೈಗೆ ನುಗ್ಗುತ್ತದೆ. ಎಣ್ಣೆಯ ಪ್ಯಾಕೆಟ್ಟಾದರೆ ಜಾರುವ ಕೈಯೂ ಸೇರಿತು. ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳೂ ಸ್ಪರ್ಶದ ನರಗಳೂ ಅಂಗೈಯಲ್ಲಿ ಚರ್ಮದ ಕೆಳಗೇ ಹಾಯ್ದಿವೆ. ಇಂಥ ಗಾಯವಾದಾಗ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಬೇಕು. ಗಾಯ ಚಿಕ್ಕದಾಗಿ ಕಂಡರೂ ಬೆರಳು ಮಡಿಸಲು ಬಾರದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ, ಅರಿಸಿನ ಒತ್ತಿ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಕಡಿದ ರಜ್ಜು ತಾನಾಗಿ ಕೂಡಿಕೊಳ್ಳುವುದಿಲ್ಲ.

ಮೂರನೆಯದು ಬರಿಗೈ. ಇದರಲ್ಲಿ ರಕ್ತ ಕಾಣುವುದಿಲ್ಲವಾದ್ದರಿಂದ ಇದರ ಕೇಡು ಯಾರ ಗಮನಕ್ಕೂ ಬಾರದು. ಹೆಬ್ಬೆರಳು ತೋರುಬೆರಳುಗಳ ನಡುವೆ ಪ್ಯಾಕೆಟ್ಟಿನ ಅಂಚನ್ನು ಚಿವುಟಿ ಹಿಡಿದಾಗ, ತುದಿಯಲ್ಲಿ ಬೀಳುವ ಭಾರ ಹೆಬ್ಬೆರಳಿನ ಬುಡದ ಕೀಲಿಗೆ ಹೋಗುವಷ್ಟರಲ್ಲಿ ಹಲವು ಪಟ್ಟಾಗುತ್ತದೆ. ಅಮೆರಿಕದ ಕೂನಿ ಮತ್ತು ಚಾವೋ ಎಂಬ ಸಂಶೋಧಕರು 1977ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ತುದಿಯಲ್ಲಿ 1 ಕಿಲೋ ಭಾರದ ಚಿವುಟಿಗೆ ಬುಡದ ಕೀಲಿನಲ್ಲಿ ಸುಮಾರು 12 ಕಿಲೋ ಒತ್ತಡ ಉಂಟಾಗುತ್ತದೆ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಈ ಕೀಲು ಸವೆಯುವುದು ಸಾಮಾನ್ಯ. ಬಟ್ಟೆ ಹಿಂಡಲು, ಬೀಗ ತಿರುಗಿಸಲು, ಪ್ಯಾಕೆಟ್ಟು ಹರಿಯಲು ಆಗದಿರುವುದು ಸೋಮಾರಿತನವಲ್ಲ, ಈ ಕೀಲಿನ ದೂರು.

ಪದರದ ಗುಟ್ಟು

ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ಪದರದ ದಪ್ಪ ಸುಮಾರು 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ. ಇಷ್ಟು ತೆಳುವಾದ ವಸ್ತು ಏಕೆ ಹರಿಯದು? ಎರಡು ಕೈಯಲ್ಲಿ ಹಿಡಿದು ಎಳೆದಾಗ ಎಳೆತ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಪಾಲಿಥೀನ್ ಹರಿಯುವ ಬದಲು ಹಿಗ್ಗುತ್ತದೆ. ಅಂಚಿನಲ್ಲಿ ಒಂದು ಸಣ್ಣ ಸೀಳು ಇದ್ದರೆ ಮಾತ್ರ ಕತೆಯೇ ಬೇರೆ. ಇಂಗ್ಲೆಂಡಿನ ಇಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲಿ ಬಿರುಕುಗಳ ವಿಷಯವಾಗಿ ಇದನ್ನು ಗಣಿತದಿಂದ ಸ್ಥಾಪಿಸಿದ: ಸೀಳಿನ ತುದಿ ಚೂಪಾದಷ್ಟೂ ಎಳೆತ ಅಲ್ಲಿಗೇ ಕೇಂದ್ರೀಕರಿಸುತ್ತದೆ. ಬಟ್ಟೆ ಅಂಗಡಿಯವನು ಕತ್ತರಿಯಿಂದ ಒಂದು ಕಚ್ಚು ಹಾಕಿ ಉಳಿದದ್ದನ್ನು ಕೈಯಿಂದಲೇ ಪರ್‍ರೆಂದು ಹರಿಯುವುದು ಇದೇ ನಿಯಮದ ಬಲದಿಂದ. ಕುರುಕಲು ತಿಂಡಿಯ ಪೊಟ್ಟಣದ ಅಂಚು ಗರಗಸದಂತೆ ಇರುವುದು ಅಲಂಕಾರಕ್ಕಲ್ಲ; ಅದರ ಒಂದೊಂದು ಹಲ್ಲುಸಂದೂ ಸಿದ್ಧವಾದ ಕಚ್ಚು. ಆದರೆ ಆ ಜಾತಿಯ ಪದರವನ್ನು ತಯಾರಿಕೆಯಲ್ಲಿಯೇ ಎರಡು ದಿಕ್ಕಿಗೂ ಎಳೆದಿರುತ್ತಾರೆ. ಸೀಳು ಹುಟ್ಟುವುದು ಕಷ್ಟ, ಹುಟ್ಟಿದ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟ. ಅರ್ಧ ತಿಂಡಿ ನೆಲದ ಪಾಲಾಗುವುದು ಹೀಗೆ.

ಆದಕಾರಣ ಸಾಧನಕ್ಕೆ ಬೇಕಾದದ್ದು ದೊಡ್ಡ ಬಲವಲ್ಲ. ಸೀಳನ್ನು ಹುಟ್ಟಿಸಬೇಕು, ಅದನ್ನು ಬೇಕಾದ ದಾರಿಯಲ್ಲಿ ನಡೆಸಬೇಕು, ಬೇಕಾದಲ್ಲಿ ನಿಲ್ಲಿಸಬೇಕು.

ಈಳಿಗೆಯ ಪಾಠ

ಇಂಥ ಸಾಧನಕ್ಕೆ ಮಾದರಿಯನ್ನು ಬಹು ದೂರ ಹುಡುಕಬೇಕಾಗಿಲ್ಲ. ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ; ಎರಡೂ ಕೈ ಪದಾರ್ಥವನ್ನು ಹಿಡಿದಿರುತ್ತವೆ. ಬಾಗಿದ ಅಲಗು ಕಾಯಿಯನ್ನು ಒತ್ತಿ ಕತ್ತರಿಸುವುದಿಲ್ಲ, ಜಾರಿಸಿ ಕೊಯ್ಯುತ್ತದೆ. ಜಾರಿಸಿ ಕೊಯ್ಯಲು ಕಡಿಮೆ ಬಲ ಸಾಕು. ಅಡಕೆಕತ್ತರಿಯಲ್ಲಿ ಕೀಲು ಒಂದು ತುದಿಗಿದೆ, ಅಡಕೆ ಕೀಲಿನ ಹತ್ತಿರ, ಕೈ ದೂರ. ಹೀಗಾಗಿ ಸಣ್ಣ ಹಿಡಿತ ದೊಡ್ಡ ಬಲವಾಗುತ್ತದೆ. ಆಟಿಕೆ, ಬ್ಯಾಟರಿಗಳು ಬರುವ ಗಡುಸು ಪ್ಲಾಸ್ಟಿಕ್ ಚಿಪ್ಪಿಗೆ ಅಡಕೆಕತ್ತರಿಯ ತತ್ತ್ವ ತಕ್ಕದ್ದು; ಮೆತ್ತನೆಯ ಪೊಟ್ಟಣಗಳಿಗೆ ಈಳಿಗೆಯದು. ಎರಡನ್ನೂ ಒಂದೇ ಸಾಧನದಲ್ಲಿ ತುರುಕುವ ಆಸೆ ಒಳ್ಳೆಯದಲ್ಲ. ಏಳು ಕೆಲಸ ಮಾಡುವೆನೆಂದು ಪೆಟ್ಟಿಗೆಯ ಮೇಲೆ ಬರೆದುಕೊಂಡು ಬರುವ ಉಪಕರಣಗಳು ಕೊನೆಗೆ ಸೇರುವುದು ಅಡಿಗೆಮನೆಯ ಕಟ್ಟಕಡೆಯ ಡ್ರಾಯರನ್ನು.

ಹಾಗಾದರೆ ಸಾಧನದ ರೂಪವೇನು? ಅಂಗೈಯಲ್ಲಿ ಹಿಡಿಯುವ, ಸುಮಾರು 12 ಸೆಂಟಿಮೀಟರ್ ಉದ್ದದ ಒಂದು ಹಿಡಿ. ಅದರ ಮುಂಭಾಗದಲ್ಲಿ ಮೀನು ಬಾಯಿ ತೆರೆದಂತೆ ಒಂದು ಸಂದು. ಸಂದಿನ ಬಾಯಿ 1 ಸೆಂಟಿಮೀಟರಿನಷ್ಟು ಅಗಲವಾಗಿದ್ದು ಒಳಗೆ ಹೋದಂತೆ 3 ಮಿಲಿಮೀಟರಿಗೆ ಕಿರಿದಾಗಬೇಕು. ಬಾಯಿ ಅಗಲವಿದ್ದರೆ ನಡುಗುವ ಕೈಗೂ ಮಂದವಾದ ಕಣ್ಣಿಗೂ ಪ್ಯಾಕೆಟ್ಟಿನ ಅಂಚು ಸುಲಭವಾಗಿ ಸಿಕ್ಕುತ್ತದೆ. ಒಳಗೆ ಕಿರಿದಾಗಿದ್ದರೆ ಮಗುವಿನ ಬೆರಳೂ ಅಲಗನ್ನು ಮುಟ್ಟದು. ಅಲಗನ್ನು ಸಂದಿನ ಕೊನೆಯಲ್ಲಿ ಓರೆಯಾಗಿ ಕೂರಿಸಬೇಕು. ನೆಟ್ಟಗೆ ಕೂರಿಸಿದರೆ ಪದರ ಮಡಿಕೆಯಾಗಿ ಸಿಕ್ಕಿಕೊಳ್ಳುತ್ತದೆ, ಓರೆಯಾಗಿದ್ದರೆ ಈಳಿಗೆಯಂತೆ ಜಾರಿಸಿ ಕೊಯ್ಯುತ್ತದೆ. ಕೆಳತುಟಿ ತೆಳುವಾಗಿ, ತುದಿ ಗುಂಡಾಗಿರಬೇಕು; ಇಲ್ಲವಾದರೆ ಸೀರೆಯ ಪಾರ್ಸೆಲನ್ನು ತೆರೆಯುವಾಗ ಸೀರೆಯೂ ತೆರೆದುಕೊಂಡೀತು.

ಹಿಡಿಯ ವಿಷಯದಲ್ಲಿ ಹೆಚ್ಚು ಯೋಚನೆ ಅಗತ್ಯ. ಅಮೆರಿಕದ ಉದ್ಯೋಗ ಸುರಕ್ಷೆಯ ರಾಷ್ಟ್ರೀಯ ಸಂಸ್ಥೆ ಸೇರಿ 2004ರಲ್ಲಿ ಪ್ರಕಟಿಸಿದ ಕೈಯುಪಕರಣಗಳ ಕೈಪಿಡಿಯ ಪ್ರಕಾರ, ಮುಷ್ಟಿಯಿಂದ ಬಲಪ್ರಯೋಗಿಸುವ ಹಿಡಿ ಸುಮಾರು 32ರಿಂದ 50 ಮಿಲಿಮೀಟರ್ ದಪ್ಪವಿರತಕ್ಕದ್ದು. ತೆಳು ಹಿಡಿಯಾದರೆ ಕೈ ಅದನ್ನು ಚಿವುಟಬೇಕಾಗುತ್ತದೆ, ಮತ್ತೆ ಹೆಬ್ಬೆರಳಿನ ಬುಡಕ್ಕೇ ಭಾರ. ದಪ್ಪ ಹಿಡಿಯನ್ನು ನಾಲ್ಕು ಬೆರಳು ಸುತ್ತುವರಿದಾಗ ಎಳೆಯುವ ಕೆಲಸ ಮುಂಗೈಗೂ ತೋಳಿಗೂ ಹೋಗುತ್ತದೆ. ಈ ತತ್ತ್ವದ ಪ್ರಸಿದ್ಧ ನಿದರ್ಶನ ಅಮೆರಿಕದಲ್ಲಿ 1990ರಲ್ಲಿ ಮಾರುಕಟ್ಟೆಗೆ ಬಂದ ತರಕಾರಿ ಸಿಪ್ಪೆ ಹೆರೆಯುವ ಉಪಕರಣ. ಸಂಧಿವಾತದಿಂದ ಬಳಲುತ್ತಿದ್ದ ಪತ್ನಿ ಬೆಟ್ಸಿಯ ಕಷ್ಟ ಕಂಡು ಸ್ಯಾಮ್ ಫಾರ್ಬರ್ ಎಂಬ ಉದ್ಯಮಿ ವಿನ್ಯಾಸಕಾರರಿಂದ ದಪ್ಪನೆಯ ರಬ್ಬರಿನಂಥ ಹಿಡಿ ಮಾಡಿಸಿದ. ನೋವಿಲ್ಲದ ಕೈಗಳೂ ಅದನ್ನೇ ಬಯಸಿ ಕೊಂಡವು.

ಒಂದೇ ಕೈ ಆಡುವವರ ಮಾತೇನು? ಪಾರ್ಶ್ವವಾಯುವಿನಿಂದ ಒಂದು ಕೈ ಬಲಗುಂದಿದವರಿಗೆ ಕೈಯಲ್ಲಿ ಹಿಡಿಯುವ ಸಾಧನ ಅರ್ಧ ಸಾಧನವಷ್ಟೆ. ಪೊಟ್ಟಣ ಹಿಡಿಯುವವರು ಯಾರು? ಇಲ್ಲಿ ಈಳಿಗೆ ಮತ್ತೆ ದಾರಿ ತೋರಿಸುತ್ತದೆ. ಕಪಾಟಿನ ಅಂಚಿಗೆ ತಿರುಪಿನಿಂದ ಬಿಗಿದ ಒಂದು ಕಚ್ಚಿನಲ್ಲಿ ಸಾಧನವನ್ನು ಸಿಕ್ಕಿಸುವಂತಿದ್ದರೆ ಅಲಗು ನಿಲ್ಲುತ್ತದೆ, ಪೊಟ್ಟಣ ಚಲಿಸುತ್ತದೆ, ಒಂದು ಕೈ ಸಾಕಾಗುತ್ತದೆ. ಎಲ್ಲಿಟ್ಟೆವೆಂದು ಹುಡುಕುವ ತಾಪತ್ರಯವೂ ಇಲ್ಲ. ಬಣ್ಣ ಕೆಂಪೋ ಕಿತ್ತಳೆಯೋ ಆಗಿರಲಿ. ಪೊರೆ ಬಂದ ಕಣ್ಣಿಗೆ ನೀಲಿ ಮಾಸಿದಂತೆ ಕಾಣುತ್ತದೆ.

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯುವ ರೂಢಿಯನ್ನು ಬಿಡುವುದು ಲೇಸು. ಒಂದು ಅಂಚಿನಿಂದ ಓರೆಯಾಗಿ ಕೊಯ್ದು ಇನ್ನೊಂದು ಅಂಚಿಗೆ ಸ್ವಲ್ಪ ಮುಂಚೆ ನಿಲ್ಲಿಸಿದರೆ ಹಾಲೂ ಸುರಿಯುತ್ತದೆ, ಚೂರೂ ಪ್ಯಾಕೆಟ್ಟಿಗೆ ಅಂಟಿಕೊಂಡೇ ರದ್ದಿಗೆ ಹೋಗುತ್ತದೆ. ಬಿಡಿಯಾದ ಚೂರುಗಳನ್ನು ಆಯುವವರಿಲ್ಲ. ಅವು ಚರಂಡಿ ಸೇರುತ್ತವೆ.

ಇಪ್ಪತ್ತೈದು ಕಿಲೋ ಅಕ್ಕಿಯ ಚೀಲಕ್ಕೆ ಮಾತ್ರ ಯಾವ ಅಲಗೂ ಬೇಡ. ಅದರ ಬಾಯಿಗಿರುವುದು ಸರಪಳಿ ಹೊಲಿಗೆ. ಹೊಲಿಗೆ ಮುಗಿದ ತುದಿಯಿಂದ ಎಳೆದರೆ ದಾರವೆಲ್ಲ ಒಂದೇ ಉಸಿರಿಗೆ ಬಿಚ್ಚಿ ಬರುತ್ತದೆ, ಹೊಲಿಗೆ ಆರಂಭಿಸಿದ ತುದಿಯಿಂದ ಎಳೆದರೆ ಬಿಗಿಯುತ್ತದೆ. ಒಂದು ಕಡೆ ಬಾರದಿದ್ದರೆ ಇನ್ನೊಂದು ತುದಿಯನ್ನು ಹಿಡಿಯಬೇಕು, ಅಷ್ಟೆ.

ಮಾತ್ರೆಯ ಪಟ್ಟಿ

ಈ ಸಾಧನವನ್ನು ಬಳಸಬಾರದ ಒಂದು ಸ್ಥಳವಿದೆ. ದಿನಕ್ಕೊಂದರಂತೆ ಮಾತ್ರೆಯ ಪಟ್ಟಿಯನ್ನು ಬಿಡಿಬಿಡಿಯಾಗಿ ಕತ್ತರಿಸಿ ಡಬ್ಬಿಯಲ್ಲಿಡುವುದು ಅನೇಕ ಮನೆಗಳ ವಾಡಿಕೆ. ಇದರಿಂದ ಔಷಧಿಯ ಹೆಸರು, ಅವಧಿ ಮುಗಿಯುವ ದಿನಾಂಕ ತುಂಡಾಗಿ ಹೋಗುತ್ತವೆ. ಅದಕ್ಕಿಂತ ಘೋರವಾದುದು, ಕತ್ತರಿಸಿದ ತುಂಡನ್ನು ಹೊದಿಕೆ ಸಮೇತ ನುಂಗುವ ಪ್ರಸಂಗ. ಕಣ್ಣು ಮಂಜಾದ ಹಿರಿಯರಲ್ಲಿ ಇಂಥವು ನಡೆದಿವೆ. ಚೂಪಾದ ಮೂಲೆಗಳು ಅನ್ನನಾಳವನ್ನು ಸೀಳಬಲ್ಲವು. ಜಪಾನಿನ ಔಷಧಿ ತಯಾರಕರು ಇದೇ ಕಾರಣದಿಂದ 1996ರಲ್ಲಿ ಪಟ್ಟಿಯ ರಂಧ್ರಗೆರೆಗಳನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸಿ, ಒಂಟಿ ಮಾತ್ರೆ ಬಿಡಿಯಾಗದಂತೆ ಮಾಡಿದರು. ಬೆರಳಿನಿಂದ ಒತ್ತಿ ಮಾತ್ರೆ ಬಿಡಿಸಲಾರದವರಿಗೆ ಮನೆಯವರು ಆಯಾ ಹೊತ್ತಿನ ಮಾತ್ರೆಯನ್ನು ಪೂರ್ತಿ ಬಿಡಿಸಿಯೇ ಕೊಡುವುದು ಕ್ಷೇಮ. ವಾರದ ಡಬ್ಬಿಯಲ್ಲಿ ತುಂಬಿಡುವುದಾದರೆ ಯಾವ ಮಾತ್ರೆ ತೇವಕ್ಕೆ ಕೆಡುತ್ತದೆಂದು ಔಷಧಿ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಶುಚಿ ಮತ್ತು ಪರೀಕ್ಷೆ

ಅಲಗಿನ ಸಂದಿನಲ್ಲಿ ಹಾಲಿನ ಹನಿ ನಿಂತರೆ ಸೆಕೆಯ ಊರುಗಳಲ್ಲಿ ಒಂದೇ ದಿನದಲ್ಲಿ ಹುಳಿವಾಸನೆ ಬರುತ್ತದೆ; ರೋಗಾಣುಗಳಿಗೂ ಅದು ಔತಣ. ಆದ್ದರಿಂದ ಸಾಧನ ಎರಡು ಹೋಳಾಗಿ ತೆರೆದು, ಸೋಪು ನೀರಿನಲ್ಲಿ ತೊಳೆದು ಒಣಗಿಸುವಂತಿರಬೇಕು. ಅಲಗು ತುಕ್ಕು ಹಿಡಿಯದ ಉಕ್ಕಿನದಾಗಿರಬೇಕು. ಹಸಿ ಮಾಂಸ, ಮೀನುಗಳ ಪೊಟ್ಟಣಕ್ಕೆ ಬಳಸಿದ್ದನ್ನು ತೊಳೆಯದೆ ಮೊಸರಿನ ಪ್ಯಾಕೆಟ್ಟಿಗೆ ಬಳಸಕೂಡದು.

ಇನ್ನು ಪರೀಕ್ಷೆ. ಪೊಟ್ಟಣಗಳು ತೆರೆಯಲು ಸುಲಭವಾಗಿರಬೇಕೆಂದು 2015ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ಹೊರಬಂದಿದೆ. ತಯಾರಕರು ಅದನ್ನು ಅನುಸರಿಸಿದಷ್ಟೂ ಇಂಥ ಸಾಧನದ ಅಗತ್ಯ ಕಡಿಮೆಯಾದೀತು. ಅಲ್ಲಿಯವರೆಗೆ ಸಾಧನ ಕೊಳ್ಳುವವರೂ ಮಾಡಿಸುವವರೂ ಅಂಗಡಿಯ ಕಟ್ಟೆಯ ಮೇಲೆ ತಾವೇ ಒಮ್ಮೆ ಎಳೆದು ನೋಡಿ ತೃಪ್ತರಾಗದಿರಲಿ. ಮನೆಯ ಅತ್ಯಂತ ಹಿರಿಯರ ಕೈಗೆ, ಕನ್ನಡಕವಿಲ್ಲದೆ, ಕೈ ಒದ್ದೆಯಿರುವಾಗ, ವಿವರಣೆ ಏನನ್ನೂ ಹೇಳದೆ ಅದನ್ನು ಕೊಟ್ಟು ಸುಮ್ಮನೆ ನೋಡಬೇಕು. ಅವರು ಅದನ್ನು ತಲೆಕೆಳಗು ಹಿಡಿದರೆ ತಪ್ಪು ಅವರದಲ್ಲ, ಹಿಡಿಯದು. ಎರಡು ಸಲ ಎಳೆದು ಪಕ್ಕಕ್ಕಿಟ್ಟರೆ ಅಲಗಿನ ಓರೆ ಸಾಲದು. ಮರುದಿನ ಯಾರೂ ಹೇಳದೆ ಅದನ್ನೇ ಹುಡುಕಿ ತೆಗೆದುಕೊಂಡರೆ ಅಂಥದನ್ನು ಕೊಳ್ಳಬಹುದು.

ಮೊಂಡಾದ ಅಲಗು ಹೆಚ್ಚು ಬಲ ಕೇಳುತ್ತದೆ, ಹೆಚ್ಚು ಬಲ ಜಾರಿಕೆಗೆ ದಾರಿ. ಕೊಯ್ಯುವಾಗ ಪದರ ಹಿಗ್ಗತೊಡಗಿದ ಕೂಡಲೇ ಅಲಗನ್ನು ಬದಲಿಸುವುದು ಒಳಿತು. ತೆಗೆದ ಹಳೆಯ ಅಲಗನ್ನು ಹಾಗೆಯೇ ಕಸಕ್ಕೆ ಹಾಕದೆ, ದಪ್ಪ ರಟ್ಟಿನಲ್ಲಿ ಸುತ್ತಿ, ಅಂಟುಪಟ್ಟಿ ಬಿಗಿದು, ಮೇಲೆ ಆ ಊರಿನ ಭಾಷೆಯಲ್ಲಿ ‘ಅಲಗು’ ಎಂದು ಬರೆದು ಕಸ ಒಯ್ಯುವವರ ಕೈಗೆ ಹೇಳಿ ಕೊಡಬೇಕು.